ಅಮೆರಿಕದಲ್ಲಿ ಫೆಡರಲ್ ಕೋರ್ಟ್ ಯಾವಾಗ, ರಾಜ್ಯದ ಕೋರ್ಟ್ ಯಾವಾಗ?

ನಮ್ಮಲ್ಲಿ ತಾಲ್ಲೂಕು ಕೋರ್ಟಿನಲ್ಲಿ ಸೋತವರು ಜಿಲ್ಲಾ ಕೋರ್ಟಿಗೂ ಅಲ್ಲಿಂದ ಹೈಕೋರ್ಟಿಗೂ ಹೋಗುವ ಹಾಗೆ, ಅಮೆರಿಕದಲ್ಲಿ ರಾಜ್ಯದ ಕೋರ್ಟಿನಲ್ಲಿ ಸೋತವರು ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕೋರ್ಟಿಗೆ ಮೇಲ್ಮನವಿ ಹೋಗುತ್ತಾರೆಯೇ ಎಂದು ತಾವು ಕೇಳಿದ್ದೀರಿ. ಬೆಂಗಳೂರಿನಲ್ಲಿ ಕಾನೂನು ಓದಿ ಈಗ ನ್ಯೂಜೆರ್ಸಿಯ ವಕೀಲರ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿರುವ ನಾನೂ ಇಲ್ಲಿಗೆ ಬಂದ ಹೊಸತರಲ್ಲಿ ಹಾಗೆಯೇ ತಿಳಿದಿದ್ದೆ. ಆ ತಿಳಿವಳಿಕೆ ತಪ್ಪು.

ಭಾರತದಲ್ಲಿ ಕೇಂದ್ರದ ಕಾನೂನಾಗಲಿ ರಾಜ್ಯದ ಕಾನೂನಾಗಲಿ, ಅದೇ ಕೋರ್ಟುಗಳು ಎರಡನ್ನೂ ಅನ್ವಯಿಸುತ್ತವೆ. ಅಮೆರಿಕದಲ್ಲಿ 50 ರಾಜ್ಯಗಳಿಗೂ ತಮ್ಮ ತಮ್ಮ ಕೋರ್ಟುಗಳಿವೆ, ಅವುಗಳ ಪಕ್ಕದಲ್ಲಿ ಫೆಡರಲ್ ಸರ್ಕಾರದ ಇನ್ನೊಂದು ಸಾಲಿದೆ, ಮತ್ತು ಎರಡಕ್ಕೂ ಕೆಳಗಿನಿಂದ ಮೇಲಿನವರೆಗೆ ಪ್ರತ್ಯೇಕ ಮೆಟ್ಟಿಲುಗಳಿವೆ. ವಿಚ್ಛೇದನ, ಉಯಿಲು, ಬಾಡಿಗೆ ತಕರಾರು, ಬಹುಪಾಲು ಕ್ರಿಮಿನಲ್ ಪ್ರಕರಣಗಳು ರಾಜ್ಯದ ಕೋರ್ಟಿನಲ್ಲಿಯೇ ಹುಟ್ಟಿ ಅಲ್ಲಿಯೇ ಮುಗಿಯುತ್ತವೆ. ರಾಜ್ಯದ ಕಾನೂನಿನ ಅರ್ಥವೇನು ಎಂಬ ವಿಷಯದಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯದ ಮಾತೇ ಕೊನೆಯದು. ಫೆಡರಲ್ ಕಾನೂನು ಅಥವಾ ಸಂವಿಧಾನದ ಪ್ರಶ್ನೆ ಇದ್ದರೆ ಮಾತ್ರ ಅಲ್ಲಿಂದ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿಗೆ ಹೋಗಲು ಅವಕಾಶವಿದೆ. ರಾಜ್ಯದ ಜೈಲಿನಲ್ಲಿರುವ ಕೈದಿಯು ತನ್ನ ಬಂಧನ ಸಂವಿಧಾನಬಾಹಿರವೆಂದು ಫೆಡರಲ್ ಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದಾದರೂ ಅದು ಮೇಲ್ಮನವಿಯಲ್ಲ, ಬೇರೆಯೇ ಪ್ರಕರಣ. ಹೆಸರುಗಳನ್ನು ನಂಬಿಯೂ ಮೋಸಹೋಗಬೇಡಿ: ನ್ಯೂಯಾರ್ಕ್ ರಾಜ್ಯದಲ್ಲಿ ವಿಚಾರಣಾ ನ್ಯಾಯಾಲಯವನ್ನೇ ಸುಪ್ರೀಂ ಕೋರ್ಟ್ ಎನ್ನುತ್ತಾರೆ.

ಫೆಡರಲ್ ಕೋರ್ಟಿನ ಬಾಗಿಲು ಮುಖ್ಯವಾಗಿ ಎರಡು ಕಾರಣಗಳಿಗೆ ತೆರೆಯುತ್ತದೆ. ದಾವೆಯು ಫೆಡರಲ್ ಕಾನೂನಿನಿಂದ ಹುಟ್ಟಿರಬೇಕು. ಇಲ್ಲವೇ ವಾದಿ ಮತ್ತು ಪ್ರತಿವಾದಿ ಬೇರೆ ಬೇರೆ ರಾಜ್ಯದವರಾಗಿದ್ದು ವ್ಯಾಜ್ಯದ ಮೊತ್ತ 75,000 ಡಾಲರ್ ಮೀರಿರಬೇಕು. ಈ ಎರಡನೆಯ ಕಾರಣದ ಹಿಂದಿರುವುದು, ಪರವೂರಿನವನಿಗೆ ಸ್ಥಳೀಯ ಕೋರ್ಟಿನಲ್ಲಿ ನ್ಯಾಯ ಸಿಗದೇ ಹೋದೀತೆಂಬ ಹಳೆಯ ಅಂಜಿಕೆ.

ಈ ಏರ್ಪಾಡು ಎಷ್ಟು ಗೋಜಲಿನದೆಂಬುದು ಟಾಂಪ್ಕಿನ್ಸ್ ಎಂಬಾತನ ಪ್ರಕರಣವನ್ನು ನೋಡಿದರೆ ತಿಳಿಯುತ್ತದೆ. 1934ರ ಜುಲೈನ ಒಂದು ರಾತ್ರಿ ಆತ ಪೆನ್ಸಿಲ್ವೇನಿಯಾದ ಹ್ಯೂಸ್‌ಟೌನ್ ಎಂಬ ಊರಿನಲ್ಲಿ ರೈಲು ಹಳಿಯ ಪಕ್ಕದ ಕಾಲುದಾರಿಯಲ್ಲಿ ನಡೆದು ಹೋಗುತ್ತಿದ್ದಾಗ, ಹಾದು ಹೋಗುತ್ತಿದ್ದ ಗೂಡ್ಸ್ ರೈಲಿನಿಂದ ಹೊರಚಾಚಿದ್ದ ಬಾಗಿಲಿನಂಥದೇನೋ ಬಡಿದು ಬಲಗೈಯನ್ನೇ ಕಳೆದುಕೊಂಡ. ಹಳಿಯ ಉದ್ದಕ್ಕೂ ನಡೆಯುವವನನ್ನು ಪೆನ್ಸಿಲ್ವೇನಿಯಾದ ಕಾನೂನು ಅತಿಕ್ರಮಿ ಎಂದೇ ಎಣಿಸುತ್ತಿದ್ದುದರಿಂದ ಅಲ್ಲಿ ಪರಿಹಾರ ಸಿಗುವ ಆಸೆ ಇರಲಿಲ್ಲ. ಆದರೆ ಆ ರೈಲನ್ನು ಓಡಿಸುತ್ತಿದ್ದ ಈರಿ ರೈಲ್ವೆ ಕಂಪನಿ ನ್ಯೂಯಾರ್ಕ್ ರಾಜ್ಯದ್ದಾಗಿತ್ತು. ಹಾಗಾಗಿ ಆತನ ವಕೀಲರು ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿದರು. ಇಂಥ ಪ್ರಕರಣಗಳಲ್ಲಿ ರಾಜ್ಯದ ಕೋರ್ಟುಗಳ ತೀರ್ಪುಗಳನ್ನು ಬದಿಗಿಟ್ಟು ತಮ್ಮದೇ ಸಾಮಾನ್ಯ ನ್ಯಾಯಸೂತ್ರಗಳನ್ನು ಅನ್ವಯಿಸುವ ಸ್ವಾತಂತ್ರ್ಯ ಫೆಡರಲ್ ಕೋರ್ಟುಗಳಿಗೆ 1842ರಿಂದಲೂ ಇತ್ತು. ಜ್ಯೂರಿ, ಅಂದರೆ ತೀರ್ಮಾನ ಹೇಳುವ ಸಾಮಾನ್ಯ ನಾಗರಿಕರ ತಂಡ, 30,000 ಡಾಲರ್ ಕೊಡಿಸಿತು. 1938ರಲ್ಲಿ ಸುಪ್ರೀಂ ಕೋರ್ಟ್ ಆ ಹಳೆಯ ತತ್ತ್ವವನ್ನೇ ತಳ್ಳಿಹಾಕಿ, ಎರಡು ರಾಜ್ಯದವರ ನಡುವಿನ ಇಂಥ ವ್ಯಾಜ್ಯ ಫೆಡರಲ್ ಕೋರ್ಟಿಗೆ ಬಂದರೂ ಅನ್ವಯಿಸಬೇಕಾದುದು ರಾಜ್ಯದ ಕಾನೂನನ್ನೇ ಎಂದು ತೀರ್ಪಿತ್ತಿತು. ಟಾಂಪ್ಕಿನ್ಸ್‌ಗೆ ಕೊನೆಗೆ ಬಿಡಿಗಾಸೂ ದಕ್ಕಲಿಲ್ಲ. ಆ ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ, ಆದರೆ ಓದಿದಾಗಲೆಲ್ಲ ಆ ಕೈಯ ನೆನಪು ಕಾಡದೆ ಬಿಡುವುದಿಲ್ಲ.

ಫೆಡರಲ್ ಸಾಲಿನ ಮೆಟ್ಟಿಲುಗಳು ಮೂರೇ. ಕೆಳಗೆ 94 ಜಿಲ್ಲಾ ನ್ಯಾಯಾಲಯಗಳಿವೆ. ಇಲ್ಲಿ ಜಿಲ್ಲೆ ಎಂದರೆ ನಮ್ಮ ಮಂಡ್ಯ, ಹಾಸನಗಳಂತಲ್ಲ, ಇಡೀ ನ್ಯೂಜೆರ್ಸಿ ಒಂದೇ ಜಿಲ್ಲೆ, ನ್ಯೂಯಾರ್ಕಿನಲ್ಲಿ ನಾಲ್ಕು. ಸಾಕ್ಷಿ ವಿಚಾರಣೆಯೂ ಜ್ಯೂರಿಯೂ ಇಲ್ಲಿಗೇ ಮುಗಿಯಿತು. ಅದರ ಮೇಲೆ 13 ಮೇಲ್ಮನವಿ ನ್ಯಾಯಾಲಯಗಳಿದ್ದು, ನಮ್ಮ ಭಾಗದ್ದು ಫಿಲಡೆಲ್ಫಿಯಾದಲ್ಲಿದೆ. ಅಲ್ಲಿ ಸಾಮಾನ್ಯವಾಗಿ ಮೂವರು ನ್ಯಾಯಾಧೀಶರ ಪೀಠವು ಕೆಳಗಿನ ಕೋರ್ಟಿನ ದಾಖಲೆಯನ್ನಷ್ಟೇ ಪರಿಶೀಲಿಸಿ, ಕಾನೂನಿನ ತಪ್ಪಾಗಿದೆಯೇ ಎಂದು ನೋಡುತ್ತದೆ.

ಸುಪ್ರೀಂ ಕೋರ್ಟಿನಲ್ಲಿ 1869ರಿಂದ ಒಂಬತ್ತು ನ್ಯಾಯಮೂರ್ತಿಗಳಿದ್ದಾರೆ. ನಮ್ಮಲ್ಲಿಯಂತೆ ಪೀಠಗಳಾಗಿ ಹಂಚಿಕೊಳ್ಳದೆ ಒಂಬತ್ತೂ ಮಂದಿ ಒಟ್ಟಿಗೇ ಕೂರುತ್ತಾರೆ. ಪ್ರತಿ ವರ್ಷ ಬರುವ ಸಾವಿರಾರು ಅರ್ಜಿಗಳಲ್ಲಿ ನಾಲ್ವರಾದರೂ ಒಪ್ಪಿದವನ್ನು ಮಾತ್ರ ವಿಚಾರಣೆಗೆ ಎತ್ತಿಕೊಳ್ಳುವುದರಿಂದ, ಈಚಿನ ವರ್ಷಗಳಲ್ಲಿ ಅವರು ವಾದ ಆಲಿಸುತ್ತಿರುವುದು ಸುಮಾರು 60 ಪ್ರಕರಣಗಳಲ್ಲಿ. ವಾದಕ್ಕೆ ಸಾಮಾನ್ಯವಾಗಿ ಒಂದೊಂದು ಪಕ್ಷಕ್ಕೆ ಅರ್ಧ ಗಂಟೆ ನಿಗದಿಯಾಗಿರುತ್ತದೆ. ವಕೀಲರ ಮುಂದಿನ ಮೇಜಿನ ಮೇಲೆ ಬಿಳಿಯ ದೀಪ ಹೊತ್ತಿತೆಂದರೆ ಐದು ನಿಮಿಷ ಉಳಿದಿದೆ ಎಂದರ್ಥ, ಕೆಂಪು ಹೊತ್ತಿತೆಂದರೆ ಸಮಯ ಮುಗಿಯಿತು. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟಿನಲ್ಲಿ 68 ದಿನಗಳ ವಾದ ನಡೆದ ಕಥೆಯನ್ನು ಕಾಲೇಜಿನಲ್ಲಿ ಕೇಳಿ ಬೆಳೆದ ನನಗೆ ಇದನ್ನು ಅರಗಿಸಿಕೊಳ್ಳಲು ಸ್ವಲ್ಪ ಕಾಲ ಹಿಡಿಯಿತು.

ಈ ಮೂರೂ ಹಂತದ ನ್ಯಾಯಾಧೀಶರನ್ನು ಅಧ್ಯಕ್ಷರು ಹೆಸರಿಸಿ ಸೆನೆಟ್ ಒಪ್ಪಬೇಕು. ಅವರಿಗೆ ನಿವೃತ್ತಿಯ ವಯಸ್ಸಿಲ್ಲ, ಸಂಬಳವನ್ನು ಕಡಿತ ಮಾಡುವಂತಿಲ್ಲ. ಹಲವು ರಾಜ್ಯಗಳಲ್ಲಾದರೋ ನ್ಯಾಯಾಧೀಶರು ಚುನಾವಣೆಗೆ ನಿಂತು ಮತ ಕೇಳುತ್ತಾರೆ. ನನಗೆ ಇದು ಇಂದಿಗೂ ಸರಿಕಾಣದ ಪದ್ಧತಿ.

ಇಲ್ಲಿನ ಕನ್ನಡಿಗ ಮಿತ್ರರು ಪದೇ ಪದೇ ಎಡವುವ ಒಂದು ಜಾಗವನ್ನೂ ಹೇಳುತ್ತೇನೆ. ಇಮಿಗ್ರೇಷನ್ ಕೋರ್ಟ್ ಎಂಬುದು ಈ ಮೂರು ಮೆಟ್ಟಿಲುಗಳಲ್ಲಿ ಯಾವುದೂ ಅಲ್ಲ. ಅದು ನ್ಯಾಯ ಇಲಾಖೆಯ ಅಂಗ, ಅಲ್ಲಿನ ನ್ಯಾಯಾಧೀಶರು ಇಲಾಖೆಯ ನೌಕರರು. ಎಚ್-1ಬಿ ಉದ್ಯೋಗ ವೀಸಾದ ಅರ್ಜಿ ತಿರಸ್ಕೃತವಾದದ್ದು ಕಾನೂನಿಗೆ ವಿರುದ್ಧವೆಂದು ಕಂಪನಿಯೊಂದು ಪ್ರಶ್ನಿಸಬೇಕೆಂದಿದ್ದರೆ ಅದು ಹೋಗಬೇಕಾದದ್ದು ಫೆಡರಲ್ ಜಿಲ್ಲಾ ನ್ಯಾಯಾಲಯಕ್ಕೆ. ಅದೇ ಕಂಪನಿಯ ಉದ್ಯೋಗಿಗೆ ಮನೆ ಮಾಲೀಕರು ಬಾಡಿಗೆಯ ಅಡ್ವಾನ್ಸ್ ಹಿಂತಿರುಗಿಸಿಲ್ಲವೆಂದಾದರೆ, ಆತ ಹೋಗಬೇಕಾದದ್ದು ರಾಜ್ಯದ ಕೋರ್ಟಿಗೆ.