ಸೈನ್ 30° ಯಾವಾಗಲೂ 1/2 ಏಕೆ? ತ್ರಿಭುಜ ದೊಡ್ಡದಾದರೆ ಬೆಲೆ ಬದಲಾಗುವುದಿಲ್ಲವೇ?

ಬದಲಾಗುವುದಿಲ್ಲ. ಲಂಬಕೋನ ತ್ರಿಭುಜವೊಂದರ ಒಂದು ಕೋನ 30° ಆಗಿದ್ದರೆ ಉಳಿದದ್ದು 60° ಆಗಲೇಬೇಕು. ಆದ್ದರಿಂದ ಅಂತಹ ತ್ರಿಭುಜಗಳೆಲ್ಲವೂ ಸಮರೂಪವಾಗಿದ್ದು (ಗಾತ್ರ ಬೇರೆಯಾದರೂ ಆಕಾರ ಒಂದೇ), ಬಾಹುಗಳು ಎಷ್ಟೇ ಉದ್ದವಾದರೂ ಅವುಗಳ ಅನುಪಾತ ಒಂದೇ ಆಗಿರುತ್ತದೆ. ಕೋನದ ಅಭಿಮುಖ (ಎದುರಿನ) ಬಾಹುವನ್ನು ವಿಕರ್ಣದಿಂದ, ಅಂದರೆ ಲಂಬಕೋನದ ಎದುರಿನ ಬಾಹುವಿನಿಂದ, ಭಾಗಿಸಿದರೆ ಸೈನ್, ಪಾರ್ಶ್ವ ಬಾಹುವನ್ನು (ಕೋನಕ್ಕೆ ತಾಗಿದ ಇನ್ನೊಂದು ಬಾಹು) ವಿಕರ್ಣದಿಂದ ಭಾಗಿಸಿದರೆ ಕೊಸೈನ್, ಅಭಿಮುಖವನ್ನು ಪಾರ್ಶ್ವದಿಂದ ಭಾಗಿಸಿದರೆ ಟ್ಯಾನ್ ದೊರೆಯುತ್ತದೆ.

1/2 ಎಲ್ಲಿಂದ ಬಂತೆಂದು ನೋಡಲು, ಪ್ರತಿ ಬಾಹುವೂ 2 ಸೆಂ.ಮೀ. ಇರುವ ಸಮಬಾಹು ತ್ರಿಭುಜವನ್ನು ರಚಿಸಿ, ಮೇಲಿನ ಶೃಂಗದಿಂದ ಪಾದಕ್ಕೆ ಲಂಬ ಎಳೆಯಿರಿ. ಆ ಲಂಬವು ಪಾದವನ್ನು 1 ಸೆಂ.ಮೀ.ನ ಎರಡು ಭಾಗಗಳಾಗಿಯೂ 60°ಯ ಶೃಂಗಕೋನವನ್ನು 30°ಯ ಎರಡು ಕೋನಗಳಾಗಿಯೂ ಒಡೆಯುತ್ತದೆ. ಒಂದು ಅರ್ಧವನ್ನಷ್ಟೇ ಗಮನಿಸಿದರೆ, ವಿಕರ್ಣ 2, 30°ಗೆ ಅಭಿಮುಖವಾದ ಬಾಹು 1; ಹಾಗಾಗಿ ಸೈನ್ 30° = 1/2. ಪೈಥಾಗೊರಸ್ ಪ್ರಮೇಯದಂತೆ ಲಂಬದ ಉದ್ದ √(4 − 1), ಅಂದರೆ √3; ಆದ್ದರಿಂದ ಕೊಸೈನ್ 30° = √3/2, ಟ್ಯಾನ್ 30° = 1/√3.

ಇದೇ ಚಿತ್ರವನ್ನು 60°ಯ ಕೋನದಿಂದ ನೋಡಿದಾಗ ಅಭಿಮುಖ ಮತ್ತು ಪಾರ್ಶ್ವ ಬಾಹುಗಳು ಅದಲುಬದಲಾಗುತ್ತವೆ (ಪರೀಕ್ಷೆಯಲ್ಲಿ ಹೆಚ್ಚು ತಪ್ಪಾಗುವುದು ಇಲ್ಲಿಯೇ), ಆದ್ದರಿಂದ ಸೈನ್ 60° = √3/2. ಬೆಲೆಗಳ ಕೋಷ್ಟಕವನ್ನು ಬಾಯಿಪಾಠ ಮಾಡುವುದಕ್ಕಿಂತ ಈ ಒಂದು ಚಿತ್ರವನ್ನು ನೆನಪಿಟ್ಟುಕೊಳ್ಳುವುದು ಸುಲಭ. 45°ಯ ಬೆಲೆಗಳಿಗೆ ಮಾತ್ರ ಚೌಕವೊಂದನ್ನು ಕರ್ಣದ ಗುಂಟ ಕತ್ತರಿಸಿ ನೋಡಬೇಕು.