ಸೊಸೆಯ ಐರಿಶ್ ಹಿರಿಯರ ಊರು ಪತ್ತೆ ಮಾಡುವುದು ಹೇಗೆ?

ಸೊಸೆ ಬಾಸ್ಟನ್ನಿನವರು, ಅವರ ಮುತ್ತಜ್ಜ 1885ರ ಸುಮಾರಿಗೆ ಕೌಂಟಿ ಕಾರ್ಕ್‌ನಿಂದ ಬಂದ ಸುಲಿವನ್ ಎಂಬುದಷ್ಟೇ ಗೊತ್ತು, ಐರ್ಲೆಂಡಿನ ದಾಖಲೆಗಳೆಲ್ಲ 1922ರಲ್ಲಿ ಸುಟ್ಟುಹೋದವಂತೆ, ಹುಡುಕಿ ಪ್ರಯೋಜನವಿದೆಯೇ ಎಂದು ಕೇಳಿದ್ದೀರಿ.

ಇದೆ. ಆ ಜೂನ್ 30ರಂದು ಡಬ್ಲಿನ್‌ನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯ ಸಂಕೀರ್ಣದ ದಾಖಲೆ ಭಂಡಾರದಲ್ಲಿ ಸುಟ್ಟದ್ದು 1821ರಿಂದ 1851ರವರೆಗಿನ ಜನಗಣತಿಯ ಬಹುಪಾಲು, ಉಯಿಲುಗಳು, ಪ್ರಾಟೆಸ್ಟೆಂಟ್ ಚರ್ಚಿನ ಎಷ್ಟೋ ರಿಜಿಸ್ಟರುಗಳು. ಕ್ಯಾಥೊಲಿಕ್ ರಿಜಿಸ್ಟರುಗಳು ಆಯಾ ಚರ್ಚುಗಳಲ್ಲೇ ಇದ್ದುದರಿಂದ ಉಳಿದವು. 1861ರಿಂದ 1891ರ ಗಣತಿಗಳನ್ನಂತೂ ಸರ್ಕಾರವೇ ಮೊದಲೇ ನಾಶ ಮಾಡಿತ್ತು, ಅದನ್ನೂ ಬೆಂಕಿಯ ತಲೆಗೆ ಕಟ್ಟುತ್ತಾರೆ.

ಎಲ್ಲರೂ ಎಡವುವುದು ಬೇರೆ ಕಡೆ: ನೇರವಾಗಿ ಐರ್ಲೆಂಡಿನ ವೆಬ್‌ಸೈಟಿಗೆ ಹೋಗಿ ಹೆಸರು ಟೈಪ್ ಮಾಡುತ್ತಾರೆ. ಕಾರ್ಕ್‌ನಲ್ಲಿ ಸುಲಿವನ್‌ಗಳಿಗೆ ಬರವೇ? ನಿಮಗೆ ಬೇಕಿರುವುದು ಟೌನ್‌ಲ್ಯಾಂಡಿನ ಹೆಸರು, ಅಂದರೆ ಹಳ್ಳಿಗಿಂತ ಚಿಕ್ಕದಾದ ಜಮೀನಿನ ವಿಭಾಗ. ಇಡೀ ದ್ವೀಪದಲ್ಲಿ ಅಂಥವು 60,000ಕ್ಕೂ ಹೆಚ್ಚು. ಕನಿಷ್ಠ ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ, ಆದರೂ ತಿಳಿದಿರಬೇಕು. ಅದು ಸಿಗುವುದು ಅಮೆರಿಕದ ಕಾಗದಗಳಲ್ಲಿ. ಮೊದಲು ಮುತ್ತಜ್ಜನ ಮರಣ ಪ್ರಮಾಣಪತ್ರ ತೆಗೆಸಿ, ಅದರಲ್ಲಿ ಸಾಮಾನ್ಯವಾಗಿ ಅಪ್ಪನ ಹೆಸರೂ ತಾಯಿಯ ತವರಿನ ಹೆಸರೂ ಇರುತ್ತವೆ. ಆಮೇಲೆ ಮದುವೆಯಾದ ಚರ್ಚಿನ ರಿಜಿಸ್ಟರು, ಪತ್ರಿಕೆಯ ನಿಧನವಾರ್ತೆ, ಸಮಾಧಿ ಕಲ್ಲು. ಪೌರತ್ವದ ಅರ್ಜಿ 1906ರ ನಂತರದ್ದಾದರೆ ಹುಟ್ಟಿದ ಊರು ಇರುತ್ತದೆ. ಹಿಂದಿನದರಲ್ಲಿ ಬಹುತೇಕ ಬರೀ ‘ಐರ್ಲೆಂಡ್’. ಅವರದು ಸಿಗದಿದ್ದರೆ ಜೊತೆಗೆ ಬಂದ ಅಣ್ಣತಮ್ಮಂದಿರ, ಅಕ್ಕತಂಗಿಯರ ಕಾಗದ ನೋಡಿ.

ತಂದೆತಾಯಿಯ ಹೆಸರು ಕೈಗೆ ಬಂದಮೇಲೆ ಐರಿಶ್‌ಜೀನಿಯಾಲಜಿ ಡಾಟ್ ಐಇಗೆ ಹೋಗಿ. 1864ರಿಂದ ಎಲ್ಲರ ಜನನ ನೋಂದಣಿ ಇದೆ, ಪುಟದ ಚಿತ್ರವೇ ಉಚಿತ. ಅದಕ್ಕೂ ಹಿಂದಿನವರಿಗೆ ನ್ಯಾಷನಲ್ ಲೈಬ್ರರಿ ಹಾಕಿರುವ ಕ್ಯಾಥೊಲಿಕ್ ರಿಜಿಸ್ಟರುಗಳಿವೆ, ಸುಮಾರು 1880ರವರೆಗೆ; ಲ್ಯಾಟಿನ್‌ನಲ್ಲಿ ಬರೆದಿದ್ದರೆ ಜೇಮ್ಸ್ ‘ಜಾಕೋಬಸ್’ ಆಗಿರುತ್ತಾನೆ. ‘ಓ ಸುಲಿವನ್’ ಎಂದೂ ಹುಡುಕಿ, ಮುಂದಿನ ‘ಓ’ ಬರುತ್ತದೆ, ಹೋಗುತ್ತದೆ. ತಡವಾಗಿ ನೋಂದಾಯಿಸಿದರೆ ದಂಡವಿತ್ತು, ಹಾಗಾಗಿ ಹುಟ್ಟಿದ ದಿನವನ್ನೇ ಮುಂದೆ ತಳ್ಳಿ ಹೇಳುವವರಿದ್ದರು. ಹುಟ್ಟುವ ಮೊದಲೇ ದೀಕ್ಷಾಸ್ನಾನವಾದ ಮಗು ಕಂಡರೆ ಚರ್ಚಿನ ತಾರೀಖನ್ನೇ ನಂಬಿ.

ಊರಲ್ಲೇ ಉಳಿದ ಬಂಧುಗಳಿಗೆ 1901 ಮತ್ತು 1911ರ ಗಣತಿ ನೋಡಿ, ಎರಡೂ ಉಚಿತ. ಹತ್ತೇ ವರ್ಷದಲ್ಲಿ ಕೆಲವರ ವಯಸ್ಸು ಹದಿನೈದು ಏರಿರುತ್ತದೆ! ಕಾರಣ, 1909ರಿಂದ ಎಪ್ಪತ್ತು ತುಂಬಿದವರಿಗೆ ಪಿಂಚಣಿ ಶುರುವಾಗಿತ್ತು.

1847ರಿಂದ 1864ರ ಗ್ರಿಫಿತ್ಸ್ ವ್ಯಾಲ್ಯುಯೇಶನ್, ಅಂದರೆ ತೆರಿಗೆಗಾಗಿ ಮಾಡಿದ ಆಸ್ತಿ ಮೌಲ್ಯಮಾಪನದ ಪಟ್ಟಿ, ಜಮೀನನ್ನು ನಕ್ಷೆಯಲ್ಲೇ ತೋರಿಸುತ್ತದೆ. ಆದರೆ ಅದರಲ್ಲಿರುವುದು ಹಿಡುವಳಿದಾರನ ಹೆಸರು ಮಾತ್ರ, ಹೆಂಡತಿ ಮಕ್ಕಳದಲ್ಲ. ಹೆಸರು ಹೊಂದಿದ ಮಾತ್ರಕ್ಕೆ ಅವನೇ ಪೂರ್ವಜ ಎಂದುಕೊಳ್ಳಬೇಡಿ.

ಡಿಎನ್‌ಎ ಪರೀಕ್ಷೆ ಮಾಡಿಸುವುದಾದರೆ ಸೊಸೆಗಿಂತ ಆ ಕಡೆಯ ಅತಿ ಹಿರಿಯರದ್ದು ಮಾಡಿಸಿ, ಪ್ರತಿ ತಲೆಮಾರಿಗೂ ಅರ್ಧ ಕಳೆದುಹೋಗುತ್ತದೆ. ಪಾಸ್‌ಪೋರ್ಟ್ ಆಸೆಯಿದ್ದರೆ ಈಗಲೇ ಹೇಳಿಬಿಡುತ್ತೇನೆ: ಅಜ್ಜ ಅಥವಾ ಅಜ್ಜಿ ಐರ್ಲೆಂಡಿನಲ್ಲಿ ಹುಟ್ಟಿದ್ದರೆ ಪೌರತ್ವ ಕೇಳಬಹುದು. ಮುತ್ತಜ್ಜನಾದರೆ, ಸೊಸೆ ಹುಟ್ಟುವ ಮೊದಲೇ ಅವರ ತಂದೆ ಅಥವಾ ತಾಯಿ ವಿದೇಶಿ ಜನನ ರಿಜಿಸ್ಟರಿನಲ್ಲಿ ಹೆಸರು ಬರೆಸಿರಬೇಕಿತ್ತು.