ಎಲೆ ಕತ್ತರಿಸುವ ಇರುವೆಗಳು ಬೆಳೆಯುವುದು ಅಣಬೆಯನ್ನೋ ಯೀಸ್ಟನ್ನೋ?

ಅಣಬೆಯನ್ನೇ. ಆದರೆ ನಿಮಗೆ ಯೀಸ್ಟ್ ಅಂತ ಹೇಳಿದವರು ಪೂರ್ತಿ ಸುಳ್ಳು ಹೇಳಿಲ್ಲ. ಗೂಡಿನೊಳಗೆ ಯೀಸ್ಟ್ (ಅಣಬೆ, ಬೂಷ್ಟಿನ ಹಾಗೆ ಇದೂ ಶಿಲೀಂಧ್ರವೇ, ಆದರೆ ಹೆಚ್ಚಾಗಿ ಎಳೆ ಬಿಡದೆ ಬಿಡಿ ಬಿಡಿ ಕೋಶಗಳಾಗಿ ಬೆಳೆಯುತ್ತದೆ) ಇರುವುದು ನಿಜ, ಅದೂ ಹಲವು ಬಗೆಯದು. ನಾನು ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತೇನೆ. ಯೀಸ್ಟ್ ಅಂದರೆ ಮಕ್ಕಳಿಗೆ ಬ್ರೆಡ್ಡು, ಹೆಂಡ ಎರಡೇ ನೆನಪಿಗೆ ಬರುತ್ತವೆ. ಅದಕ್ಕೇ ಈ ಇರುವೆಗಳ ಕತೆಯನ್ನು ಪ್ರತಿ ವರ್ಷ ಹೇಳುತ್ತೇನೆ.

ಅಟ್ಟಾ ಮತ್ತು ಅಕ್ರೋಮಿರ್ಮೆಕ್ಸ್ ಎಂಬ ಈ ಇರುವೆಗಳು ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. (ನಮ್ಮ ಚಗಳಿ ಎಲೆ ಹೊಲಿಯುತ್ತದೆ, ಕತ್ತರಿಸುವುದಿಲ್ಲ. ನಮ್ಮಲ್ಲಿ ಅಣಬೆ ಬೆಳೆಯುವ ಕಸುಬು ಗೆದ್ದಲಿನದು.) ಎಲೆ ಹೊತ್ತೊಯ್ಯುವುದು ತಿನ್ನಲಿಕ್ಕೆ ಅಥವಾ ಗೂಡಿಗೆ ಹೊದಿಸಲಿಕ್ಕೆ ಎಂದು ಮೊದಲು ಜನ ತಿಳಿದಿದ್ದರು. ಹಾಗಲ್ಲ, ಅದರ ಮೇಲೆ ಶಿಲೀಂಧ್ರ ಬೆಳೆಸುತ್ತವೆ ಎಂದು 1874ರಲ್ಲಿ ಬರೆದವರು ನಿಕರಾಗುವಾದ ಗಣಿಯಲ್ಲಿ ಕೆಲಸಕ್ಕಿದ್ದ ಥಾಮಸ್ ಬೆಲ್ಟ್. ಆ ಶಿಲೀಂಧ್ರದ ಎಳೆಗಳ ತುದಿ ಪುಟ್ಟ ಗಡ್ಡೆಯ ಹಾಗೆ ಊದಿಕೊಳ್ಳುತ್ತದೆ. ಇರುವೆಗಳು ಅದನ್ನೇ ಕಿತ್ತು ತಿನ್ನುತ್ತವೆ, ಮರಿಗಳಿಗೂ ಕೊಡುತ್ತವೆ.

ಹಾಗಾದರೆ ಯೀಸ್ಟ್ ಎಲ್ಲಿಂದ ಬಂತು? ಯಾವ ಎಲೆಯ ಮೇಲಾದರೂ ಯೀಸ್ಟ್ ಇದ್ದೇ ಇರುತ್ತದೆ. ಎಲೆಯ ಜೊತೆ ಅದೂ ಒಳಗೆ ಹೋಗುತ್ತದೆ. ಬ್ರೆಜಿಲ್‌ನ ರಿಯೊ ಕ್ಲಾರೊದಲ್ಲಿ ಫರ್ನಾಂಡೊ ಪಾಗ್ನೊಕ್ಕಾ ಮತ್ತು ಜೊತೆಯವರು ವರ್ಷಗಟ್ಟಲೆ ಗೂಡುಗಳಿಂದ ಯೀಸ್ಟ್ ಬೇರ್ಪಡಿಸಿದ್ದಾರೆ. ವಿಜ್ಞಾನಕ್ಕೆ ಹೊಸದಾದ ಜಾತಿಗಳೂ ಸಿಕ್ಕಿವೆ. 2003ರಲ್ಲಿ ಹೆಸರು ಪಡೆದ ಕ್ರಿಪ್ಟೊಕಾಕಸ್ ಹಗ್ಲೆರೋರಮ್ ಅಂಥದ್ದು. ಕೆಲವು ಯೀಸ್ಟ್‌ಗಳು ಎಲೆಯ ಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಒಡೆಯಬಲ್ಲವು. ಕೆಲವು ವಿಷ ಬಿಟ್ಟು ಬೇರೆ ಯೀಸ್ಟ್‌ಗಳನ್ನು ಕೊಲ್ಲುತ್ತವೆ. ಟೆಕ್ಸಾಸ್‌ನ ಅಟ್ಟಾ ಇರುವೆಗಳ ತೋಟಗಳಿಂದ (ಗೂಡಿನೊಳಗೆ ಶಿಲೀಂಧ್ರ ಬೆಳೆಸುವ ಜಾಗ) ತೆಗೆದ ಕೆಲವು, ತೋಟಕ್ಕೆ ರೋಗ ತರುವ ಬೂಷ್ಟನ್ನು ಲ್ಯಾಬಿನ ತಟ್ಟೆಯಲ್ಲಿ ತಡೆದವು.

ಇಷ್ಟು ಓದಿದ ಕೂಡಲೇ 'ಇರುವೆಯ ಗೆಳೆಯ ಯೀಸ್ಟ್' ಅಂತ ಶೀರ್ಷಿಕೆ ಕೊಟ್ಟುಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ತಟ್ಟೆಯಲ್ಲಿ ನಡೆದದ್ದು ಗೂಡಿನಲ್ಲೂ ನಡೆಯಬೇಕೆಂದಿಲ್ಲ ಅಲ್ವಾ? ರಾಗಿ ಹೊಲದಲ್ಲಿ ತಾನಾಗಿ ಹುಟ್ಟುವ ಬೆರಕೆ ಸೊಪ್ಪು ನೆನಪಿಸಿಕೊಳ್ಳಿ. ಕೆಲವು ಉಪಯೋಗಕ್ಕೆ ಬರುತ್ತವೆ, ಕೆಲವು ಸುಮ್ನೆ ಇರುತ್ತವೆ, ಯಾವುದನ್ನೂ ರೈತ ಬಿತ್ತಿದ್ದಲ್ಲ. ಗೂಡಿನ ಹೆಚ್ಚಿನ ಯೀಸ್ಟ್‌ಗಳನ್ನು ನಾನು ಹಾಗೇ ನೋಡುತ್ತೇನೆ.

ಆದರೆ ಒಂದು ಮಾತ್ರ ಪಕ್ಕಾ ಕಳ್ಳ. ಅದು ಕಪ್ಪು ಯೀಸ್ಟ್. ಇರುವೆಗಳ ತೋಟಕ್ಕೆ ಎಸ್ಕೊವಾಪ್ಸಿಸ್ ಎಂಬ ಶಿಲೀಂಧ್ರ ಬಂದರೆ ಬೆಳೆಯೇ ಹಾಳು. ಅದನ್ನು ತಡೆಯಲು ಅನೇಕ ಜಾತಿಗಳು ಮೈಮೇಲೆ ಸ್ಯೂಡೊನೊಕಾರ್ಡಿಯಾ ಬ್ಯಾಕ್ಟೀರಿಯಾವನ್ನು ಸಾಕುತ್ತವೆ. ಅಕ್ರೋಮಿರ್ಮೆಕ್ಸ್ ಮೈಮೇಲೆ ಅದು ವಿಭೂತಿ ಬಳಿದ ಹಾಗೆ ಬೆಳ್ಳಗೆ ಕಾಣುತ್ತದೆ. ಅದು ಮಾಡುವ ಆಂಟಿಬಯೋಟಿಕ್ ಎಸ್ಕೊವಾಪ್ಸಿಸ್‌ಗೆ ಮದ್ದು. ಇರುವೆಯ ಮೈಮೇಲೆ ಆ ಬ್ಯಾಕ್ಟೀರಿಯಾ ಇರುವ ಜಾಗದಲ್ಲೇ ಈ ಕಪ್ಪು ಯೀಸ್ಟ್ ಕೂತಿರುತ್ತದೆ ಎಂದು 2007ರಲ್ಲಿ ಐನ್ಸ್ಲಿ ಲಿಟಲ್ ಮತ್ತು ಕ್ಯಾಮೆರಾನ್ ಕರಿ ತೋರಿಸಿದರು. ಮರುವರ್ಷದ ಪ್ರಯೋಗದಲ್ಲಿ ಗೊತ್ತಾಗಿದ್ದು ಇನ್ನೂ ಜಾಸ್ತಿ. ಕಪ್ಪು ಯೀಸ್ಟ್ ಆ ಬ್ಯಾಕ್ಟೀರಿಯಾದಿಂದಲೇ ಹೊಟ್ಟೆ ಹೊರೆಯುತ್ತದೆ. ಕಾವಲಿನವನು ಸೊರಗುತ್ತಾನೆ, ತೋಟಕ್ಕೆ ಬೂಷ್ಟು ಬಂದಾಗ ಇರುವೆಗಳ ಕೈ ಸಾಗುವುದಿಲ್ಲ. ಒಂದು ಮಾತು: ಆ ಪ್ರಯೋಗ ನಡೆದದ್ದು ಎಪ್ಟೆರೊಸ್ಟಿಗ್ಮಾ ಎಂಬ ನೆಂಟ ಇರುವೆಯ ಮೇಲೆ, ಎಲೆ ಕತ್ತರಿಸುವ ಇರುವೆಯ ಮೇಲಲ್ಲ.

ಇನ್ನು 'ಯೀಸ್ಟ್ ಬೆಳೆಯುವ ಇರುವೆ' ಅಂದವರು ಬಹುಶಃ ಸೈಫೊಮಿರ್ಮೆಕ್ಸ್ ರಿಮೋಸಸ್ ಬಗ್ಗೆ ಓದಿರಬೇಕು. ಅದೂ ಈ ಬಳಗದ್ದೇ, ಆದರೆ ಎಲೆಯ ಗೊಡವೆಗೆ ಹೋಗುವುದಿಲ್ಲ. ಕಂಬಳಿಹುಳುವಿನಂಥ ಹುಳುಗಳ ಹಿಕ್ಕೆ ಆರಿಸಿ ತಂದು, ಅದರ ಮೇಲೆ ನಿಜವಾಗಿಯೂ ಯೀಸ್ಟ್ ರೂಪದ ಬೆಳೆ ತೆಗೆಯುತ್ತದೆ. ನೋಡಲಿಕ್ಕೆ ಗಿಣ್ಣಿನ ಚೂರಿನ ಹಾಗೆ, ಒಂದೊಂದೂ ಅರ್ಧ ಮಿಲಿಮೀಟರ್ ಆಸುಪಾಸು. ತಮಾಷೆಯೆಂದರೆ, ಆ ಚೂರನ್ನು ಲ್ಯಾಬಿನ ತಟ್ಟೆಗೆ ಹಾಕಿದರೆ ಅದು ಎಳೆ ಎಳೆಯಾಗಿ ಬೆಳೆಯಬಲ್ಲದು. ಯಾಕೆಂದರೆ ಅದೂ ಮೂಲತಃ ಅಣಬೆಯ ಮನೆತನದ್ದೇ, ಇರುವೆಯ ಕೈಯಲ್ಲಿದ್ದಾಗ ಯೀಸ್ಟ್ ಆಗಿರುತ್ತದೆ ಅಷ್ಟೆ.